ಚಂದ್ರವಳ್ಳಿಯ ನಾಣ್ಯ, ಬೇತ್ಲೆಹೇಮಿನ ಗೋದಲಿ

ಚಿತ್ರದುರ್ಗಕ್ಕೆ ಬಂದವರು ಕೋಟೆ ಹತ್ತಿ, ಓಬವ್ವನ ಕಿಂಡಿಯೆದುರು ಫೋಟೋ ತೆಗೆಸಿಕೊಂಡು ಬಸ್ಸು ಹಿಡಿಯುವುದೇ ಹೆಚ್ಚು. ಬೆಟ್ಟದ ಆ ಮಗ್ಗುಲಿನ ಚಂದ್ರವಳ್ಳಿಗೆ ಇಳಿಯುವವರು ಕಡಿಮೆ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡ ಈ ಮೂರು ಬೆಟ್ಟಗಳ ನಡುವಿನ ಕಣಿವೆ ಅದು. ಅಲ್ಲೊಂದು ಕೆರೆ, ಅಂಕಲಿ ಮಠದ ಗುಹೆಗಳು, ಮಯೂರಶರ್ಮನ ಶಾಸನವಿರುವ ಬಂಡೆ. 1929ರಲ್ಲಿ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಈ ನೆಲ ಅಗೆಸಿದರು. ಸಾತವಾಹನರ ಕಾಲದ ಮಡಕೆ ಚೂರು, ಸೀಸದ ಕಾಸುಗಳ ಜೊತೆಗೆ ಚಂದ್ರವಳ್ಳಿಯ ಮಣ್ಣು ಕೊಟ್ಟ ಇನ್ನೊಂದು ವಸ್ತುವೆಂದರೆ ರೋಮಿನ ಬೆಳ್ಳಿ ನಾಣ್ಯ. ಒಂದರ ಮೇಲೆ ಅಗಸ್ಟಸನ ಮುಖ, ಮತ್ತೊಂದರ ಮೇಲೆ ತಿಬೇರಿಯಸನದು.

ಈ ಎರಡು ಹೆಸರು ಡಿಸೆಂಬರ್ ತಿಂಗಳಲ್ಲಿ ಚರ್ಚಿಗೆ ಹೋಗುವ ಕನ್ನಡಿಗರಿಗೆಲ್ಲ ಗೊತ್ತು. ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟುವ ಅಧ್ಯಾಯ ತೆರೆಯುವುದೇ ಔಗುಸ್ತ ಕೈಸರನ ಆಜ್ಞೆಯಿಂದ. ಮುಂದಿನ ಅಧ್ಯಾಯ ತೆರೆಯುವುದು ತಿಬೇರಿಯನ ಆಳ್ವಿಕೆಯ 15ನೇ ವರ್ಷದಿಂದ. ಕಾಳುಮೆಣಸು, ಹತ್ತಿಬಟ್ಟೆ, ಮಣಿಗಳಿಗೆ ಬೆಲೆಯಾಗಿ ಬಂದ ಬೆಳ್ಳಿ ಕೈಯಿಂದ ಕೈಗೆ ದಾಟುತ್ತ ದುರ್ಗದ ಕಣಿವೆಯವರೆಗೂ ನಡೆದು ಬಂದಿತ್ತು. ಅದೇ ಬೆಳ್ಳಿಯ ತೆರಿಗೆ ಕಟ್ಟುತ್ತಿದ್ದ ಯೂದಾಯದ ಮೂಲೆಯ ಊರೊಂದರಲ್ಲಿ ಒಂದು ಮಗು ಹುಟ್ಟಿದ ಕಥೆಯೂ ಹೊರಟಿತ್ತು.

ಕಥೆಯಲ್ಲಿ ಕೈಸರನ ಹೆಸರು ಮೇಲ್ಹೊದಿಕೆ ಮಾತ್ರ. ಒಳಗಿನ ಎಲುಬುಗಳೆಲ್ಲ ಅದಕ್ಕಿಂತ ನೂರಾರು ವರ್ಷ ಹಿಂದಿನ ಯೆಹೂದಿ ಪ್ರವಾದಿಗಳವು. ಕನ್ಯೆ, ಬೇತ್ಲೆಹೇಮ್, ನಕ್ಷತ್ರ, ಐಗುಪ್ತಕ್ಕೆ ಓಡಿದ್ದು, ಮಕ್ಕಳ ಕೊಲೆ, ಕೊನೆಗೆ ಗೋದಲಿಯ ಪಕ್ಕ ನಿಂತ ಎತ್ತು ಕತ್ತೆಗಳವರೆಗೆ ಒಂದೊಂದಕ್ಕೂ ಹಳೆಯ ಒಂದು ಮಾತಿನ ಬೇರಿದೆ. ಆ ಬೇರು ಹಿಡಿದು ಹೋದರೆ ಆ ಮಾತುಗಳನ್ನು ಆಡಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆಯೇ ಎಂಬುದೂ ಕಾಣುತ್ತದೆ.

ಮೊದಲು ಕಾಲದ ಲೆಕ್ಕ. ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ಹಳೆಯವು ಪೌಲನ ಪತ್ರಗಳು, ಕ್ರಿ.ಶ. 50ರ ದಶಕದವು. ಯೇಸು ಸ್ತ್ರೀಯಲ್ಲಿ ಹುಟ್ಟಿದನೆಂದೂ ದಾವೀದನ ವಂಶದವನೆಂದೂ ಪೌಲ ಹೇಳುತ್ತಾನೆ. ಅದಕ್ಕಿಂತ ಹೆಚ್ಚಿಗೆ ಜನನದ ಮಾತಿಲ್ಲ. ಸುಮಾರು 70ರ ಹೊತ್ತಿನ ಮಾರ್ಕನ ಸುವಾರ್ತೆಯಲ್ಲಿ ಯೇಸು ಬರುವುದೇ ಬೆಳೆದು ನಿಂತ ಗಂಡಸಾಗಿ, ದೀಕ್ಷಾಸ್ನಾನಕ್ಕೆ. ಅದಾದ ಹತ್ತಿಪ್ಪತ್ತು ವರ್ಷದ ಮೇಲೆ ಬರೆದ ಮತ್ತಾಯ, ಲೂಕರಲ್ಲಿ ಮಾತ್ರ ಹುಟ್ಟಿದ ಕಥೆ ಇದೆ. ಮರಣದ ಕಥೆ ಮೊದಲು, ಬೋಧನೆ ಆಮೇಲೆ, ಜನನದ ಕಥೆ ಕಟ್ಟಕಡೆಗೆ. ಪುಸ್ತಕ ಕಟ್ಟುವಾಗ ಮಾತ್ರ ಜನನವೇ ಮೊದಲ ಪುಟ.

ಇದು ನಮ್ಮಲ್ಲಿಯೂ ನಡೆದದ್ದೇ. 12ನೇ ಶತಮಾನದ ಬಸವಣ್ಣನವರ ವಚನಗಳಲ್ಲಿ ಅವರ ಜನ್ಮದ ಪವಾಡ ಹುಡುಕಿದರೆ ನಿರಾಶೆಯಾದೀತು. ಮುಂದೆ ಹರಿಹರನ ರಗಳೆಯಲ್ಲಿ ಅವರು ಕೈಲಾಸದಿಂದ ಶಾಪ ಹೊತ್ತು ಇಳಿದ ವೃಷಭಮುಖನೆಂಬ ಗಣವಾದರು. 1369ರಲ್ಲಿ ಭೀಮಕವಿ ಬಸವಪುರಾಣ ಬರೆಯುವಷ್ಟರಲ್ಲಿ ತಾಯಿಯ ನಂದಿವ್ರತ, ಮೂರು ವರ್ಷದ ಗರ್ಭ ಎಲ್ಲವೂ ಕಥೆಗೆ ಸೇರಿದ್ದವು. ದುರ್ಗದ ಮುರುಘಾಮಠದ ಸೀಮೆಯಲ್ಲಿ ವಚನವನ್ನೂ ಪುರಾಣವನ್ನೂ ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ದೊಡ್ಡವರಾದ ಮೇಲೆ ಯಾರೆಂದು ತಿಳಿಯಿತೋ ಅದನ್ನು ತೊಟ್ಟಿಲಿನಲ್ಲೇ ತೋರಿಸುವುದು ಪುರಾಣದ ಕೆಲಸ.

ಆದರೆ ಮತ್ತಾಯನಿಗೆ ಪುರಾಣ ಕಟ್ಟಲು ಸಾಮಗ್ರಿ ಬಂದದ್ದು ಕೈಲಾಸದಿಂದಲ್ಲ, ಓಲೆಗಳಿಂದ. ಮೊದಲ ಎರಡು ಅಧ್ಯಾಯಗಳೊಳಗೆ ಐದು ಸಲ ಆತ ಕಥೆಯನ್ನು ನಿಲ್ಲಿಸುತ್ತಾನೆ. ಇದೆಲ್ಲ ಪ್ರವಾದಿಯ ಮಾತು ನೆರವೇರುವಂತೆ ನಡೆಯಿತು ಎಂದು ಹಳೆಯ ವಾಕ್ಯವೊಂದನ್ನು ಮುಂದಿಡುತ್ತಾನೆ. ಅದರಲ್ಲಿ ಮೊದಲನೆಯದು, ಮುಂದಿನ ಎರಡು ಸಾವಿರ ವರ್ಷದ ಜಗಳಕ್ಕೆ ಬೀಜವಾದದ್ದು, ಯೆಶಾಯನ ಏಳನೇ ಅಧ್ಯಾಯದ ಮಾತು.

ಆ ಮಾತು ಹುಟ್ಟಿದ ಸ್ಥಳವನ್ನು ದುರ್ಗದವರು ಕಣ್ಣ ಮುಂದೆ ತಂದುಕೊಳ್ಳುವುದು ಸುಲಭ. ಕ್ರಿ.ಪೂ. 734ರ ಆಸುಪಾಸು. ದಮಸ್ಕದ ಅರಸನೂ ಸಮಾರ್ಯದ ಅರಸನೂ ಕೂಡಿ ಯೆರೂಸಲೇಮಿನ ಮೇಲೆ ದಂಡೆತ್ತಿದ್ದಾರೆ. ಒಳಗೆ ಆಹಾಜನೆಂಬ ಯುವ ಅರಸ. ಪ್ರವಾದಿ ಯೆಶಾಯ ಅವನನ್ನು ಎದುರುಗೊಳ್ಳುವುದು ಅರಮನೆಯಲ್ಲಲ್ಲ. ಮೇಲಣ ಕೆರೆಯ ಕಾಲುವೆಯ ಕೊನೆಯಲ್ಲಿ, ಅಗಸರ ಹೊಲಕ್ಕೆ ಹೋಗುವ ದಾರಿಯಲ್ಲಿ. ಮುತ್ತಿಗೆ ಬೀಳುವ ಮುಂಚೆ ಅರಸ ನೀರಿನ ವ್ಯವಸ್ಥೆ ನೋಡಲು ಬಂದಿದ್ದನೆಂದೇ ಬಹುತೇಕರು ಓದುತ್ತಾರೆ. ಗೋಪಾಲಸ್ವಾಮಿ ಹೊಂಡ, ಸಿಹಿನೀರು ಹೊಂಡ, ಅಕ್ಕ–ತಂಗಿ ಹೊಂಡಗಳನ್ನು ನೆಚ್ಚಿಕೊಂಡು ಹೈದರಾಲಿಯ ಮುತ್ತಿಗೆಗಳನ್ನು ತಾಳಿ, ಕೊನೆಗೆ 1779ರಲ್ಲಿ ಕೈಬಿಟ್ಟ ಕೋಟೆಯ ಜನರಿಗೆ ಅರಸನೊಬ್ಬ ಆ ಹೊತ್ತಿನಲ್ಲಿ ಕಾಲುವೆಯ ಬಾಯಿಯ ಬಳಿ ಯಾಕೆ ನಿಂತಿದ್ದನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯೆಶಾಯ ಅವನಿಗೆ ಒಂದು ಗುರುತು ಹೇಳುತ್ತಾನೆ. ಇಗೋ ಈ ಹುಡುಗಿ ಬಸುರಾಗಿದ್ದಾಳೆ, ಮಗನನ್ನು ಹೆರುತ್ತಾಳೆ, ದೇವರು ನಮ್ಮ ಸಂಗಡ ಎಂಬರ್ಥದ ಇಮ್ಮಾನುವೇಲ್ ಎಂದು ಹೆಸರಿಡುತ್ತಾಳೆ. ಆ ಕೂಸಿಗೆ ಒಳ್ಳೇದು ಕೆಟ್ಟದ್ದು ತಿಳಿಯುವ ಮೊದಲೇ ನೀನು ಹೆದರುತ್ತಿರುವ ಆ ಇಬ್ಬರು ಅರಸರ ನಾಡು ಪಾಳುಬೀಳುತ್ತದೆ. ಇದರ ತಿರುಳು ಮೂರು ನಾಲ್ಕು ವರ್ಷ ತಾಳು ಎಂಬುದಷ್ಟೆ. ಹಾಗೇ ಆಯಿತು: ಕ್ರಿ.ಪೂ. 732ರಲ್ಲಿ ದಮಸ್ಕ ಅಶ್ಶೂರ್ಯರ ಪಾಲಾಯಿತು, ಅದಾದ ಹತ್ತು ವರ್ಷಕ್ಕೆ ಸಮಾರ್ಯವೂ ಬಿತ್ತು. ಗುರುತು ಮುಗಿಯಬೇಕಿತ್ತು. ಮಾತು ಮುಗಿಯಲಿಲ್ಲ.

ನುಡಿದ ಮಾತು ನುಡಿದವನ ಕಾಲ ದಾಟಿ ಬದುಕುವ ಬಗೆಯನ್ನು ನೋಡಬೇಕೆಂದರೆ ಯೆರೂಸಲೇಮಿಗೇ ಹೋಗಬೇಕಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸುತ್ತಲ ಜಿಲ್ಲೆಗಳ ಜನ ಗಾಡಿ ಕಟ್ಟಿಕೊಂಡು ಹೋಗುವ ರೂಢಿ ಹಳೆಯದು. ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ 'ಸದ್ದಲೇ' ಎಂದರೆ ಲಕ್ಷಾಂತರ ಮಂದಿ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಕಾರ್ಣಿಕವೆಂಬ ದೈವವಾಣಿಯ ಒಂದೇ ಒಂದು ಸಾಲು, ಕೊನೆಗೊಂದು 'ಪರಾಕ್'. ಗೊರವಯ್ಯ ಕೆಳಕ್ಕೆ ಬೀಳುತ್ತಲೇ ಅರ್ಥ ಬಿಡಿಸುವ ಕೆಲಸ ಶುರು. ರೈತನಿಗೆ ಅದು ಮಳೆಯ ಮಾತು, ಮಂಡಿ ವ್ಯಾಪಾರಿಗೆ ಧಾರಣೆಯ ಮಾತು, ರಾಜಕಾರಣಿಗೆ ಕುರ್ಚಿಯ ಮಾತು. ವರ್ಷದ ಕೊನೆಗೆ ಏನಾದರೂ ದೊಡ್ಡದು ಘಟಿಸಿತೋ, ಕಾರ್ಣಿಕ ಹೇಳಿದ್ದು ಇದನ್ನೇ ನೋಡು ಎನ್ನುತ್ತಾರೆ. ಯಾರೂ ಮೋಸ ಮಾಡುತ್ತಿರುವುದಿಲ್ಲ. ದೈವದ ಮಾತು ಹುಸಿಯಾಗದು ಎಂದು ನಂಬಿದವರು ಮಾತಿಗೆ ತಕ್ಕ ಘಟನೆಯನ್ನೂ ಘಟನೆಗೆ ತಕ್ಕ ಮಾತನ್ನೂ ಹುಡುಕಿಯೇ ಹುಡುಕುತ್ತಾರೆ.

ಯೇಸುವಿನ ಕಾಲದ ಯೆಹೂದ್ಯರೂ ಹಾಗೆಯೇ ಓದುತ್ತಿದ್ದರು ಎನ್ನಲು ಗಟ್ಟಿ ಪುರಾವೆ ಸಿಕ್ಕಿದ್ದು ವೀಲರ್ ಚಂದ್ರವಳ್ಳಿಯಲ್ಲಿ ಗುಳಿ ತೋಡಿಸುತ್ತಿದ್ದ ಆ 1947ರ ಹೊತ್ತಿಗೇ. ಮೃತ ಸಮುದ್ರದ ದಂಡೆಯ ಕುಮ್ರಾನಿನ ಗುಹೆಯೊಂದರಲ್ಲಿ ಕುರಿ ಮೇಕೆ ಕಾಯುವ ಹುಡುಗರಿಗೆ ಮಡಕೆಗಳಲ್ಲಿ ತೊಗಲಿನ ಸುರುಳಿಗಳು ಸಿಕ್ಕವು. ಮೊದಲ ಗುಹೆಯಲ್ಲೇ ಯೆಶಾಯನ ಇಡೀ ಪುಸ್ತಕ ಇತ್ತು, ಹಬಕ್ಕೂಕನ ಪುಸ್ತಕಕ್ಕೆ ಬರೆದ ಟೀಕೂ ಇತ್ತು. ಟೀಕಿನ ರೀತಿ ಕುತೂಹಲದ್ದು: ಪ್ರವಾದಿಯ ಒಂದು ಸಾಲು, ಕೆಳಗೆ 'ಇದರ ಅರ್ಥ' ಎಂದು ಬರೆದು ತಮ್ಮದೇ ಪಂಗಡದ ಗುರು, ತಮ್ಮದೇ ಕಾಲದ ದುಷ್ಟ ಪುರೋಹಿತ, ತಮ್ಮ ಮೇಲೆ ಏರಿ ಬರುವ ಪರರ ಸೇನೆ. ಆರುನೂರು ವರ್ಷ ಹಿಂದಿನ ಪ್ರವಾದಿ ತನಗೇ ತಿಳಿಯದಂತೆ ತಮ್ಮನ್ನು ಕುರಿತು ಬರೆದಿದ್ದಾನೆಂಬುದು ಅವರ ನಂಬಿಕೆ. ಮತ್ತಾಯ ಮಾಡಿದ್ದೂ ಅದೇ ಕುಲದ ಓದು. ಯೆಹೂದಿಯಾಗಿ ಯೆಹೂದ್ಯರಿಗೆ ಯೆಹೂದಿ ರೀತಿಯಲ್ಲೇ ಆತ ಬರೆದ.

ಆದರೆ ಬರೆದದ್ದು ಗ್ರೀಕಿನಲ್ಲಿ. ಇಲ್ಲಿ ಕಥೆ ತಿರುವು ಪಡೆಯುತ್ತದೆ.

ಹೀಬ್ರೂ ಯೆಶಾಯನಲ್ಲಿ ಆ ಹೆಣ್ಣಿಗೆ ಇರುವ ಮಾತು 'ಅಲ್ಮಾ'. ಮದುವೆಯ ವಯಸ್ಸಿಗೆ ಬಂದ ಎಳೆಯ ಹೆಣ್ಣು ಎಂದು ಅರ್ಥ. ಗಂಡಿನ ಸಂಗ ಕಾಣದವಳು ಎಂದು ಒತ್ತಿ ಹೇಳಬೇಕಾದಲ್ಲಿ ಬಳಸುವ 'ಬೆತೂಲಾ' ಎಂಬ ಬೇರೆ ಮಾತಿದೆ. ಐಗುಪ್ತದ ಅಲೆಕ್ಸಾಂಡ್ರಿಯಾದಲ್ಲಿ ನೆಲೆಸಿದ ಯೆಹೂದ್ಯರು ಹೀಬ್ರೂ ಮರೆಯುತ್ತ ಬಂದಾಗ ಅವರ ಶಾಸ್ತ್ರಗಳನ್ನು ಗ್ರೀಕಿಗೆ ತಂದರು. ಎರಡನೇ ಟಾಲೆಮಿ ಅರಸನ ಕಾಲದಲ್ಲಿ, ಕ್ರಿ.ಪೂ. ಮೂರನೇ ಶತಮಾನದಲ್ಲಿ, 72 ಮಂದಿ ಹಿರಿಯರು ಕೂತು ಐದು ಧರ್ಮಪುಸ್ತಕಗಳನ್ನು ಅನುವಾದಿಸಿದರೆಂದು ಐತಿಹ್ಯ; ಪ್ರವಾದಿಗಳ ಸರದಿ ಮುಂದಿನ ಶತಮಾನದಲ್ಲಿ ಬಂತು. ಈ ಟಾಲೆಮಿ ನಮಗೆ ತೀರ ಹೊರಗಿನವನಲ್ಲ. ಅಶೋಕನ 13ನೇ ಶಿಲಾಶಾಸನದಲ್ಲಿ 'ತುರಮಾಯ' ಎಂದು ಬರುವ ಯವನರಾಜ ಇವನೇ. ಇವನನ್ನು ಹೆಸರಿಸಿದ ಅಶೋಕ ಅದೇ ಕಾಲದಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೂ ಶಾಸನ ಬರೆಸಿದ್ದ.

ಅಲೆಕ್ಸಾಂಡ್ರಿಯಾದ ಅನುವಾದಕ ಅಲ್ಮಾ ಇದ್ದಲ್ಲಿ 'ಪಾರ್ಥೆನೋಸ್' ಎಂದು ಇಟ್ಟ. ಗ್ರೀಕಿನಲ್ಲಿ ಅದಕ್ಕೆ ಸಾಮಾನ್ಯವಾಗಿ ಅಕ್ಷತ ಕನ್ಯೆ ಎಂದೇ ಅರ್ಥ. ಬಲಾತ್ಕಾರಕ್ಕೆ ಒಳಗಾದ ದೀನಳನ್ನೂ ಆದಿಕಾಂಡದ ಗ್ರೀಕ್ ಪಾಠ ಪಾರ್ಥೆನೋಸ್ ಎಂದೇ ಕರೆದಿರುವುದರಿಂದ ಆ ಮಾತಿಗೂ ಸ್ವಲ್ಪ ಸಡಿಲು ಇತ್ತು ಅನ್ನಬೇಕು. ಅನುವಾದಕನಿಗೆ ಪವಾಡ ಮನಸ್ಸಿನಲ್ಲಿದ್ದಿರಲಾರದು. ಈಗ ಕನ್ಯೆಯಾಗಿರುವ ಹುಡುಗಿ ಮುಂದೆ ಮದುವೆಯಾಗಿ ಹೆರುತ್ತಾಳೆ ಎಂದರೂ ವಾಕ್ಯ ಕೂಡುತ್ತದೆ. ಮರಿಯಳು ಪವಿತ್ರಾತ್ಮದಿಂದ ಗರ್ಭ ಧರಿಸಿದಳೆಂಬ ನಂಬಿಕೆಯಿದ್ದ ಮತ್ತಾಯನ ಕಣ್ಣಿಗೆ ಆ ಪದ ಬಿದ್ದಾಗ ಮಾತ್ರ ಅದು ಬೇರೆಯಾಗಿ ಹೊಳೆಯಿತು. ಆ ಪದದಿಂದಲೇ ನಂಬಿಕೆ ಹುಟ್ಟಿತೆಂದೂ ಹೇಳುವಂತಿಲ್ಲ. ಯೆಶಾಯನ ಆ ವಾಕ್ಯವನ್ನೇ ಎತ್ತದ ಲೂಕನಲ್ಲೂ ಕನ್ಯಾಗರ್ಭದ ಕಥೆ ಇದೆ. ಯೆಹೂದಿ ಪಂಡಿತರು ಕಾಯುತ್ತಿದ್ದ ಮೆಸ್ಸೀಯನಿಗೂ ಆ ವಾಕ್ಯಕ್ಕೂ ಅದಕ್ಕೆ ಮುಂಚೆ ಯಾರೂ ನಂಟು ಹಾಕಿದ್ದು ಕಾಣದು. ನಂಬಿಕೆ ಮೊದಲು ಬಂದು, ವಾಕ್ಯ ಹುಡುಕಿಕೊಂಡಿತು.

ಯೆಹೂದ್ಯರು ಸುಮ್ಮನೆ ಕೂರಲಿಲ್ಲ. ಎರಡನೇ ಶತಮಾನದಲ್ಲಿ ಅಕ್ವಿಲ ಎಂಬಾತ ಹೊಸ ಗ್ರೀಕ್ ಅನುವಾದ ಮಾಡಿ ಅಲ್ಲಿ 'ಎಳೆಯ ಹೆಣ್ಣು' ಎಂದು ತಿದ್ದಿದ. ಸುಮಾರು 160ರ ಹೊತ್ತಿಗೆ ಕ್ರೈಸ್ತ ತತ್ತ್ವಜ್ಞ ಜಸ್ಟಿನ್ ಬರೆದ ಸಂವಾದದಲ್ಲಿ ಟ್ರೈಫೋ ಎಂಬ ಯೆಹೂದಿ ಎದುರಿಗೆ ಕೂತು ಪಟ್ಟು ಹಾಕುತ್ತಾನೆ: ಅದು ಕನ್ಯೆಯಲ್ಲ, ಹುಡುಗಿ, ಹುಟ್ಟಲಿದ್ದ ಮಗು ಆಹಾಜನ ಮಗ ಹಿಜ್ಕೀಯ, ನೀವು ಹೇಳುವ ಕಥೆ ಗ್ರೀಕರ ಪರ್ಸ್ಯೂಸನದ್ದರ ಹಾಗಿದೆ. ಬರೆದವನು ಜಸ್ಟಿನ್ ಆದ್ದರಿಂದ ಗೆಲ್ಲುವುದೂ ಜಸ್ಟಿನ್. ಚರ್ಚಿನ ಕೈಗೆ ಅಧಿಕಾರ ಬಂದ ಮೇಲೆ ಇದು ವಾಗ್ವಾದವಾಗಿ ಉಳಿಯಲಿಲ್ಲ. ತಮ್ಮ ಪುಸ್ತಕವನ್ನು ತಾವೇ ಓದಲಾರದ ಕುರುಡರೆಂಬ ಹಣೆಪಟ್ಟಿ ಯೆಹೂದ್ಯರಿಗೆ ಯುರೋಪಿನಲ್ಲಿ ಶತಮಾನಗಟ್ಟಲೆ ಅಂಟಿತು. ತೀರ ಈಚೆಗೆ, 1952ರಲ್ಲಿ, ಇಂಗ್ಲಿಷಿನ ಹೊಸ ಪರಿಷ್ಕೃತ ಬೈಬಲ್ ಯೆಶಾಯನ ಆ ಜಾಗದಲ್ಲಿ 'ಯುವತಿ' ಎಂದು ಅಚ್ಚು ಹಾಕಿದ್ದಕ್ಕೆ ಅಮೆರಿಕದ ನಾರ್ತ್ ಕ್ಯಾರೊಲಿನಾದ ಪಾದ್ರಿಯೊಬ್ಬರು ಆ ಪುಟವನ್ನೇ ಸುಟ್ಟರು.

ಕನ್ನಡಕ್ಕೆ ಈ ಪದ ಬಂದದ್ದು ದುರ್ಗದ ಪಕ್ಕದ ಬಳ್ಳಾರಿಯ ದಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಜೊತೆಗೂಡಿದ ವಿಲಿಯಂ ರೀವ್ ಮುಂದೆ ಕನ್ನಡ–ಇಂಗ್ಲಿಷ್ ನಿಘಂಟು ಬರೆದು ಹೆಸರಾದರು. ಇವರ ದುಡಿಮೆಯಿಂದ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಸಿಗುವಂತಾಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರು ಅದನ್ನು ತಿದ್ದುವ ಕೆಲಸಕ್ಕೆ ಕೂತರು. ಆ ಹೆಣ್ಣಿಗೆ ಕನ್ನಡದಲ್ಲಿ ನಿಂತ ಮಾತು ಕನ್ಯೆ, ಕನ್ನಿಕೆ.

ವಿಚಿತ್ರವೆಂದರೆ ಹೀಬ್ರೂ, ಗ್ರೀಕುಗಳು ಎರಡು ಪದಗಳಾಗಿ ಜಗಳವಾಡಿದ್ದನ್ನು ಕನ್ನಡ ಒಂದರಲ್ಲೇ ಹಿಡಿಸಿಕೊಂಡಿತು. ಮಗನಿಗೆ ಕನ್ಯೆ ನೋಡಲು ಹೊರಟವರ ಬಾಯಲ್ಲಿ ಆ ಮಾತಿಗೆ ಮದುವೆಗೆ ಬಂದ ಹುಡುಗಿ ಎಂದಷ್ಟೇ ಅರ್ಥ, ಅದು ಅಲ್ಮಾ. ಕುಂತಿ ಕನ್ಯೆಯಾಗಿಯೇ ಕರ್ಣನನ್ನು ಹೆತ್ತಳು ಎಂದಾಗ ಅರ್ಥ ಬೇರೆ, ಅದು ಪಾರ್ಥೆನೋಸ್. ಹಾಗಾಗಿ ಕನ್ನಡ ಬೈಬಲ್ ಓದುವವರಿಗೆ ಟ್ರೈಫೋನ ತಕರಾರು ಕಣ್ಣಿಗೇ ಬೀಳುವುದಿಲ್ಲ.

ಮತ್ತಾಯನ ಉಳಿದ ನಾಲ್ಕು ವಾಕ್ಯಗಳ ಕಥೆಯೂ ಹೀಗೆಯೇ. ಬೇತ್ಲೆಹೇಮಿನಿಂದ ಒಬ್ಬ ಅಧಿಪತಿ ಬರುವನೆಂದ ಮೀಕನ ಮಾತು ಕುರಿಗಾಹಿ ದಾವೀದನ ಊರಿನಿಂದ ಇನ್ನೊಬ್ಬ ದಾವೀದ ಎದ್ದು ಬಂದಾನೆಂಬ ಆಸೆಯದ್ದು. ಐಗುಪ್ತದಿಂದ ನನ್ನ ಮಗನನ್ನು ಕರೆದೆನೆಂದು ಹೋಶೇಯ ಬರೆದದ್ದು ಮುಂದಾಗುವುದನ್ನಲ್ಲ, ಹಿಂದೆ ಆದದ್ದನ್ನು. ಅಲ್ಲಿ ಮಗ ಎಂದರೆ ಇಸ್ರಾಯೇಲ್ ಜನಾಂಗ. ರಾಮಾದಲ್ಲಿ ರಾಹೇಲಳು ಮಕ್ಕಳಿಗಾಗಿ ಗೋಳಾಡುತ್ತಾಳೆಂಬ ಯೆರೆಮೀಯನ ಚಿತ್ರ ಸೆರೆಯಾಗಿ ದೂರದೇಶಕ್ಕೆ ನಡೆದುಹೋದವರದು. ನಜರೇತಿನವನೆಂದು ಕರೆಯಲ್ಪಡುವನು ಎಂಬ ಐದನೆಯದು ಯಾವ ಪ್ರವಾದಿಯ ಪುಸ್ತಕದಲ್ಲೂ ಸಿಗುವುದಿಲ್ಲ. ಯೆಶಾಯನಲ್ಲಿ 'ಚಿಗುರು' ಎಂಬರ್ಥದ 'ನೇಚೆರ್' ಎಂಬ ಮಾತಿನ ಮೇಲೆ ಆಡಿದ ಪದದಾಟವಿರಬಹುದೆಂದು ವಿದ್ವಾಂಸರ ಊಹೆ. ಮೂಡಣ ದೇಶದಿಂದ ಜೋಯಿಸರನ್ನು ನಡೆಸಿಕೊಂಡು ಬಂದ ನಕ್ಷತ್ರಕ್ಕೆ ಮತ್ತಾಯ ವಾಕ್ಯ ಕೊಡದಿದ್ದರೂ ಯಾಕೋಬನಿಂದ ನಕ್ಷತ್ರ ಉದಯಿಸುವುದೆಂಬ ಬಿಳಾಮನ ಮಾತು ಆಗಿನವರಿಗೆಲ್ಲ ಗೊತ್ತಿತ್ತು. 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಶಿಮೋನನಿಗೆ ಜನ ಇಟ್ಟ ಹೆಸರೇ ಬಾರ್ ಕೊಖ್ಬಾ, ನಕ್ಷತ್ರದ ಮಗ.

ಹೆರೋದ ಬೇತ್ಲೆಹೇಮಿನ ಗಂಡುಮಕ್ಕಳನ್ನು ಕೊಲ್ಲಿಸಿದ ಭಾಗ ಓದಿದರೆ ಕನ್ನಡಿಗರಿಗೆ ತಟ್ಟನೆ ಕಂಸ ನೆನಪಾಗುತ್ತಾನೆ. ಯೆಹೂದ್ಯರಿಗೆ ನೆನಪಾಗುತ್ತಿದ್ದುದು ಫರೋಹ. ಮೋಶೆ ಹುಟ್ಟುವ ಮೊದಲೇ ಒಬ್ಬ ಶಾಸ್ತ್ರಿ ಫರೋಹನಿಗೆ ಇಂಥ ಮಗು ಹುಟ್ಟಿ ನಿನ್ನ ರಾಜ್ಯ ಕೆಡಿಸೀತು ಎಂದು ಹೇಳಿದ್ದನೆಂದು ಮತ್ತಾಯನ ಸಮಕಾಲೀನ ಇತಿಹಾಸಕಾರ ಜೊಸೀಫಸ್ ಬರೆಯುತ್ತಾನೆ. ಮೂಲ ಮೋಶೆಕಥೆಯಲ್ಲಿ ಆ ಭವಿಷ್ಯವಾಣಿ ಇಲ್ಲ; ಜನರ ಬಾಯಲ್ಲಿ ಸೇರಿಕೊಂಡಿತ್ತು. ಇತ್ತ ರೋಮಿನಲ್ಲಿಯೂ ಚಂದ್ರವಳ್ಳಿಯ ನಾಣ್ಯದ ಆ ಅಗಸ್ಟಸನಿಗೇ ಇಂಥದೊಂದು ಜನ್ಮಕಥೆ ಇತ್ತು. ರೋಮಿಗೆ ಒಬ್ಬ ಅರಸ ಹುಟ್ಟಲಿದ್ದಾನೆಂಬ ಶಕುನ ಕಂಡು ಆ ವರ್ಷದ ಗಂಡುಕೂಸುಗಳನ್ನು ಸಾಕಬಾರದೆಂದು ಸೆನೆಟ್ ಗೊತ್ತುಮಾಡಿತ್ತಂತೆ. ಬಸುರಿ ಹೆಂಡತಿಯರಿದ್ದ ಸದಸ್ಯರೇ ಆ ಠರಾವು ಜಾರಿಯಾಗದಂತೆ ನೋಡಿಕೊಂಡರಂತೆ. ಸ್ಯೂಟೋನಿಯಸ್ ಇದನ್ನು ಬರೆದಿಟ್ಟಿದ್ದಾನೆ. ಇಂಥ ಕಥೆ ನಮ್ಮ ಸೀಮೆಗೂ ಹೊಸದಲ್ಲ: ಶಿರಾ, ಹಿರಿಯೂರು ಕಡೆಯ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದುತ್ತ ಹಾಡುವ ಜುಂಜಪ್ಪನ ಕಾವ್ಯದಲ್ಲಿ ಹಗೆ ಸಾಧಿಸುವವರು ಕಂಸನಂತೆಯೇ ಸೋದರಮಾವಂದಿರು.

ಲೂಕನದು ಬೇರೆ ಗತ್ತು. ಅವನು ವಾಕ್ಯ ಎತ್ತಿ ತೋರಿಸುವುದು ಕಡಿಮೆ; ಹಳೆಯ ಕಥೆಯ ಧಾಟಿಯಲ್ಲೇ ಹೊಸದನ್ನು ಹಾಡುತ್ತಾನೆ. ಅವನ ಮರಿಯಳು ಹಾಡುವ ಸ್ತುತಿಗೆ ಮಟ್ಟು ಕೊಟ್ಟವಳು ಸಮುವೇಲನ ತಾಯಿ ಹನ್ನ. ಮಕ್ಕಳಿಲ್ಲದೆ ಸವತಿಯ ಕೊಂಕು ಕೇಳಿ ಬೇಸತ್ತು ಶಿಲೋವಿನ ಗುಡಿಯಲ್ಲಿ ತುಟಿಯಷ್ಟೇ ಅಲುಗಿಸುತ್ತ ಹರಕೆ ಹೊತ್ತವಳು, ಕುಡಿದಿದ್ದೀಯೇನೆಂದು ಪೂಜಾರಿಯಿಂದ ಬೈಸಿಕೊಂಡವಳು. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರದಲ್ಲಿ ಗಂಗಮ್ಮನ ಕೊಳದ ಮುಂದೆ ಮಡಿಯುಟ್ಟು, ನೀರಿನಲ್ಲಿ ಪ್ರಸಾದವಾಗಿ ಏನು ತೇಲಿಬರುತ್ತದೋ ಎಂದು ಕಣ್ಣು ಕೀಲಿಸಿ ಕೂತ ಸಂತಾನದ ಹರಕೆಯ ಹೆಂಗಸರನ್ನು ನೋಡಿದವರಿಗೆ ಹನ್ನಳ ಮುಖ ಹೇಗಿತ್ತೆಂದು ಗೊತ್ತಿರುತ್ತದೆ. ಬಡವರನ್ನು ಧೂಳಿನಿಂದ ಎತ್ತುವ, ಬಲಿಷ್ಠರ ಬಿಲ್ಲು ಮುರಿಯುವ ದೇವರನ್ನು ಹನ್ನ ಹಾಡಿದಳು. ಮರಿಯಳ ಹಾಡಿನಲ್ಲೂ ಸಿಂಹಾಸನದಿಂದ ಅರಸರು ಉರುಳುತ್ತಾರೆ.

ಬೇತ್ಲೆಹೇಮಿಗೆ ಹೋಗುವ ದಾರಿಯೂ ಇಬ್ಬರದು ಬೇರೆ ಬೇರೆ. ಮತ್ತಾಯನಲ್ಲಿ ಯೋಸೇಫ ಮರಿಯರ ಮನೆ ಬೇತ್ಲೆಹೇಮಿನಲ್ಲೇ ಇದ್ದಂತಿದೆ. ಹೆರೋದನ ಮನೆತನಕ್ಕೆ ಹೆದರಿ ಆಮೇಲೆ ನಜರೇತಿಗೆ ಹೋಗುತ್ತಾರೆ. ಲೂಕನಲ್ಲಿ ಅವರು ನಜರೇತಿನವರು. ಕೈಸರನ ಖಾನೇಷುಮಾರಿಗೆಂದು ಬೇತ್ಲೆಹೇಮಿಗೆ ಬರುತ್ತಾರೆ. ಆ ಖಾನೇಷುಮಾರಿ ನಡೆಸಿದ ಕುರೇನ್ಯ ಅಧಿಕಾರಕ್ಕೆ ಬಂದದ್ದು ಕ್ರಿ.ಶ. 6ರಲ್ಲಿ, ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಸುಮಾರು ಹತ್ತು ವರ್ಷದ ಈ ಬಿರುಕನ್ನು ಮುಚ್ಚಲು ಮಾಡಿದ ಪ್ರಯತ್ನಗಳು ಹಲವು, ಒಪ್ಪಿಗೆಯಾದದ್ದು ಯಾವುದೂ ಇಲ್ಲ. ಹೆರೋದನ ಕಾಲದಲ್ಲಿ ಹುಟ್ಟಿದ್ದಾದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿ ಎಂಬ ತಮಾಷೆಯೂ ಉಳಿಯುತ್ತದೆ. ಶಕೆಯ ಲೆಕ್ಕ ಹಾಕಿದ ಆರನೇ ಶತಮಾನದ ಸನ್ಯಾಸಿ ದಿಯೊನೀಸಿಯಸ್ ಕೆಲವು ವರ್ಷ ತಪ್ಪಿದ್ದ. ದಾರಿ ಎರಡಾದರೂ ಇಬ್ಬರೂ ಮುಟ್ಟುವ ಊರು ಒಂದೇ. ಮೀಕನ ಊರು ತಪ್ಪುವಂತಿರಲಿಲ್ಲ.

ಛತ್ರದಲ್ಲಿ ಜಾಗ ಸಿಗದೆ ಗೋದಲಿಯಲ್ಲಿ ಕೂಸು ಮಲಗಿಸಿದ್ದು, ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದ ಕುರುಬರಿಗೆ ಮೊದಲು ಸುದ್ದಿ ತಿಳಿದದ್ದು, ಇದೆಲ್ಲ ಲೂಕನದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಇದನ್ನು ಓದಿದರೆ ಬೇರೆ ರೀತಿ ಕೇಳಿಸೀತು. ಅಲ್ಲಿಯ ಹಳೆಯ ಕಟ್ಟಳೆಯಂತೆ ಹೆರಿಗೆಯೆಂಬುದು ಸೂತಕ. ಬಾಣಂತಿ ಮತ್ತು ಕೂಸು ಹಟ್ಟಿಯ ಹೊರಗೆ ಸಣ್ಣ ಗುಡಿಸಲಿನಲ್ಲಿ ದಿನ ಕಳೆಯಬೇಕು. ಮಳೆಗೆ ಚಳಿಗೆ ನಲುಗುವ ಇವರಿಗಾಗಿ ಸರ್ಕಾರ ಕೃಷ್ಣ ಕುಟೀರಗಳೆಂಬ ಕಟ್ಟಡ ಕಟ್ಟಿಸಿದ್ದೂ, ಕಟ್ಟಳೆಯನ್ನೇ ಬಿಡಿಸಲು ಆರೋಗ್ಯ ಕಾರ್ಯಕರ್ತೆಯರು ಮನೆಮನೆ ತಿರುಗಿದ್ದೂ ಉಂಟು. ಮರಿಯಳಿಗೂ ಸೂತಕವಿತ್ತು. ಮೋಶೆಯ ಕಟ್ಟಳೆಯಲ್ಲಿ ಗಂಡು ಹೆತ್ತವಳಿಗೆ ಒಟ್ಟು 40 ದಿನ. ಅದು ಕಳೆದ ಮೇಲೆ ಕುರಿಮರಿ ತರಲು ಶಕ್ತಿಯಿಲ್ಲದವರು ಎರಡು ಪಾರಿವಾಳ ತರಬಹುದು. ಲೂಕನ ಮರಿಯಳದು ಎರಡು ಹಕ್ಕಿಗಳ ಕಾಣಿಕೆಯೇ.

ಗೋದಲಿ ಎಂಬುದು ದನಗಳಿಗೆ ಮೇವು ಹಾಕುವ ತಾವಿಗೆ ರೈತರೇ ಬಳಸುವ ಪದ. ಕನ್ನಡ ಕ್ರೈಸ್ತರ ಬಾಯಲ್ಲಿ ಅದು ಡಿಸೆಂಬರಿನಲ್ಲಿ ಮನೆ ಮೂಲೆಯಲ್ಲಿ, ಚರ್ಚಿನ ಅಂಗಳದಲ್ಲಿ ಕಟ್ಟುವ ಜನನದೃಶ್ಯದ ಹೆಸರಾಯಿತು. ಈಗ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ದುರ್ಗದ ಸೀಮೆಯ ಕಥೋಲಿಕರಿಗೂ ಗೋದಲಿಯಿಲ್ಲದೆ ಕ್ರಿಸ್‌ಮಸ್ ಇಲ್ಲ. ಕಾಗದದ ಗುಡ್ಡ, ಹುಲ್ಲಿನ ಸೂರು, ತಟ್ಟೆಯಲ್ಲಿ ಚೆಲ್ಲಿ ಮೊಳೆಸಿದ ರಾಗಿಯ ಹಸಿರು, ನಡುವೆ ಕೂಸು. ಅದರ ಪಕ್ಕ ಒಂದು ಎತ್ತು, ಒಂದು ಕತ್ತೆ. ಈ ಎರಡು ಪ್ರಾಣಿ ಮತ್ತಾಯನಲ್ಲೂ ಇಲ್ಲ, ಲೂಕನಲ್ಲೂ ಇಲ್ಲ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ನಾನು ಗೊತ್ತಿಲ್ಲವೆಂದು ಯೆಶಾಯನ ಮೊದಲ ಅಧ್ಯಾಯದಲ್ಲಿ ದೇವರು ಕೊರಗುತ್ತಾನೆ. ಗ್ರೀಕ್ ಯೆಶಾಯನಲ್ಲೂ ಲೂಕನಲ್ಲೂ ಗೋದಲಿಗೆ ಇರುವುದು ಒಂದೇ ಪದ. ಆ ನಂಟು ಹಿಡಿದು ಎತ್ತು ಕತ್ತೆಗಳು ಯೆಶಾಯನಿಂದ ಎದ್ದು ಬೇತ್ಲೆಹೇಮಿಗೆ ನಡೆದು ಬಂದವು. ಹಳೆಯ ಕ್ರೈಸ್ತ ಶಿಲ್ಪಗಳಲ್ಲಿ ಮೊದಲು ಕಂಡು, ಮುಂದೆ ಮತ್ತಾಯನ ಹೆಸರು ಹೊತ್ತ ತಡವಾದ ಒಂದು ಸುವಾರ್ತೆಯಲ್ಲಿ ಕಥೆಯಾಗಿ, 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಜೀವಂತ ಪ್ರಾಣಿಗಳನ್ನೇ ನಿಲ್ಲಿಸಿದ ಮೇಲೆ ಗೋದಲಿ ಬಿಟ್ಟು ಕದಲಲಿಲ್ಲ. ಜೋಯಿಸರು ಮೂವರು ಅರಸರಾದದ್ದೂ ಕೀರ್ತನೆ ಮತ್ತು ಯೆಶಾಯನ ಪುಸ್ತಕದಲ್ಲಿ ಕಾಣಿಕೆ ಹೊತ್ತು ಬರುವ ಅರಸರಿಂದ. ಪ್ರವಾದಿಗಳು ಬೇತ್ಲೆಹೇಮಿನ ಕಥೆ ಬರೆಯುವುದನ್ನು ಸುವಾರ್ತೆಗಳು ಮುಗಿದ ಮೇಲೂ ನಿಲ್ಲಿಸಲಿಲ್ಲ.

ಬೆಂಗಳೂರಿನಲ್ಲಿ ಕನ್ನಡ ಬೈಬಲ್ ತಿದ್ದಲು ಕೂತ ಆ ಬೆಂಜಮಿನ್ ರೈಸ್ ಅವರ ಮಗನೇ ಬಿ.ಎಲ್. ರೈಸ್. ಅಪ್ಪ ಯೆಶಾಯನ ಮಾತಿಗೆ ಕನ್ನಡ ಹುಡುಕಿದರೆ ಮಗ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ಒಂದು ಇಡೀ ಸಂಪುಟ ಮೀಸಲಿಟ್ಟರು. 1892ರಲ್ಲಿ ಬ್ರಹ್ಮಗಿರಿಯ ಅಶೋಕನ ಬಂಡೆಯನ್ನು ಬೆಳಕಿಗೆ ತಂದವರೂ ಅವರೇ. ಆ ಶಾಸನ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಸಾಗಿ, ಕೊನೆಯ ಸಾಲಿಗೆ ಬಂದಾಗ ಬರೆದವನು ತನ್ನ ಹೆಸರು ಹೇಳುತ್ತಾನೆ: ಚಪಡ. ಆಮೇಲೆ ಲಿಪಿಕಾರ ಎಂಬರ್ಥದ ತನ್ನ ಕಸುಬಿನ ಮಾತೊಂದನ್ನು ಮಾತ್ರ ಬೇರೆ ಲಿಪಿಯಲ್ಲಿ ಕೊರೆಯುತ್ತಾನೆ. ಅದು ಗಾಂಧಾರದ ಕಡೆಯ ಖರೋಷ್ಠಿ. ಯೆಶಾಯನ ಸುರುಳಿಯ ಹೀಬ್ರೂ ಅಕ್ಷರಗಳು ಅರಾಮಿಕ್ ಎಂಬ ಯಾವ ಬರಹದಿಂದ ಬಂದವೋ ಅದರಿಂದಲೇ ಬಂದ ಲಿಪಿ. ಬಂಡೆಯ ಮುಂದೆ ನಿಂತು ಎಡದಿಂದ ಓದುತ್ತ ಬಂದ ಕಣ್ಣು ಅಲ್ಲಿಗೆ ತಲುಪಿದಾಗ ಸಾಲಿನ ಕೊನೆಗೆ ಹೋಗಿ, ಬಲದಿಂದ ಎಡಕ್ಕೆ ಹಿಂದಿರುಗಿ ಬರಬೇಕು.